ಇದ್ದ ಬೆನ್ನಿಗೆ ಹೊಲಿದ ಕೋಟು

ನಮ್ಮ ಬನಹಟ್ಟಿಯ ಮನೆ ಒಡೆದದ್ದು ಒಂದು ಕೋಟಿನಿಂದ ಎಂದು ಬಳಗದವರು ಇವತ್ತಿಗೂ ಹೇಳುತ್ತಾರೆ. ಮದುವೆಯಿರಲಿ, ತೊಟ್ಟಿಲಿರಲಿ, ಊಟ ಮುಗಿದು ಎಲೆಅಡಿಕೆಯ ತಾಟು ಬಂದ ಮೇಲೆ ಯಾರಾದರೊಬ್ಬರು ಆ ಮಾತು ತೆಗೆಯುತ್ತಾರೆ, ಉಳಿದವರು ನಗುತ್ತಾರೆ. ಆ ಕೋಟಿನ ಒಡೆಯ ಮಾದೇವ ಕಾಕಾ, ನನ್ನ ಅಪ್ಪನ ತಮ್ಮ, ಈಗ ಇಲ್ಲ. ಅವನಿದ್ದಾಗ ಎದುರಿಗೆ ಆಡದ ಮಾತನ್ನು ಈಗ ಧಾರಾಳವಾಗಿ ಆಡುತ್ತಾರೆ. ನಾನು ಆ ಮನೆಯಲ್ಲಿ ಹುಟ್ಟಿ ಬೆಳೆದವಳು, ಆ ಕೋಟು ಹೊಲಿಸಲು ಕಾಕಾನ ಕೈಹಿಡಿದು ಜಮಖಂಡಿಗೆ ಹೋದವಳು. ನಡೆದದ್ದೇನು ಎಂದು ನನಗೆ ಗೊತ್ತು. ಮನೆ ಕೋಟಿನಿಂದ ಒಡೆಯಲಿಲ್ಲ. ಒಡೆದಿದ್ದರೂ ನಾನು ಆ ಕೋಟಿನ ಕಡೆಯವಳೇ.

ನಮ್ಮದು ಉದ್ದನೆಯ ಮನೆ. ರಸ್ತೆಯ ಕಡೆಗೆ ಮಗ್ಗದ ಕೋಣೆ, ಅದರ ಹಿಂದೆ ನಡುಮನೆ, ಅದರ ಹಿಂದೆ ಅಡಿಗೆಮನೆ, ಕೊನೆಗೆ ಬಚ್ಚಲು ಮತ್ತು ಒಂದು ಬೇವಿನ ಗಿಡದ ಹಿತ್ತಲು. ಪಾವರ್‌ಲೂಮ್ ಶುರುವಾದರೆ ಅಡಿಗೆಮನೆಯ ಮಾಡದಲ್ಲಿಟ್ಟ ತಾಟುಗಳೂ ನಡುಗುತ್ತಿದ್ದವು. ಹೀಗಾಗಿ ನಮ್ಮ ಮನೆಯಲ್ಲಿ ಯಾರೂ ಮೆಲ್ಲಗೆ ಮಾತಾಡುವುದನ್ನು ಕಲಿಯಲಿಲ್ಲ. ಉಪ್ಪು ಬೇಕಾದರೂ ಕೂಗಿಯೇ ಕೇಳಬೇಕು. ಕರೆಂಟ್ ಹೋದಾಗ ಮಾತ್ರ ಫಜೀತಿ. ಮಗ್ಗದ ಸದ್ದು ಥಟ್ಟನೆ ನಿಂತು, ಆಡುತ್ತಿದ್ದ ಮಾತು ಇಡೀ ಓಣಿಗೆ ಕೇಳಿಬಿಡುತ್ತಿತ್ತು. ನಮ್ಮ ಮನೆಯ ಜಗಳಗಳು ಊರಿಗೆ ಗೊತ್ತಾಗುತ್ತಿದ್ದದ್ದೇ ಹಾಗೆ. ಈಗಲೂ ನಾನು ಕಲಿಸುವ ಶಾಲೆಯ ಸ್ಟಾಫ್ ರೂಮಿನಲ್ಲಿ ಮಾತಾಡಿದರೆ ಪಕ್ಕದ ಕ್ಲಾಸಿನ ಮಕ್ಕಳು ತಿರುಗಿ ನೋಡುತ್ತಾರೆ.

ಮನೆಯ ಯಜಮಾನ ಅಜ್ಜ. ಅವನಿಗೆ ಮೂವರು ಗಂಡುಮಕ್ಕಳು: ನನ್ನ ಅಪ್ಪ, ನಡುವಿನವನು ಮಾದೇವ ಕಾಕಾ, ಕಿರಿಯವನು ಸಣ್ಣ ಕಾಕಾ. ಮೂವರೂ ನೇಯುತ್ತಿದ್ದರು, ಬಂದದ್ದೆಲ್ಲ ಅಜ್ಜನ ಕೈಗೆ ಹೋಗುತ್ತಿತ್ತು. ಚಹಾ ಕುಡಿಯಲು ಹೊರಗೆ ಹೋಗುವವರೂ ಅಜ್ಜನ ಮುಂದೆ ಕೈಚಾಚಬೇಕು. ದೀಪಾವಳಿಗೆ ಅಜ್ಜ ಪೇಟೆಯಿಂದ ಒಂದು ಇಡೀ ಥಾನು ಅಂಗಿಬಟ್ಟೆ ತರುತ್ತಿದ್ದ. ಅದೇ ಬಟ್ಟೆ, ಅದೇ ಗೆರೆ, ಎಲ್ಲ ಗಂಡಸರಿಗೂ. ಓಣಿಯ ದರ್ಜಿ ಅಜ್ಜನೊಬ್ಬನ ಅಳತೆ ತೆಗೆದುಕೊಂಡು ಅದರ ಮೇಲೆ ಎಲ್ಲರಿಗೂ ಹೊಲಿಯುತ್ತಿದ್ದ. ಹೆಂಗಸರ ಮೈಮೇಲೆ ಏನು ಚೆಂದ ಕಾಣುತ್ತದೆಂದು ದಿನವಿಡೀ ತಲೆಕೆಡಿಸಿಕೊಂಡು ಸೀರೆಯ ಅಂಚು ಸೆರಗು ನೇಯುವ ಮನೆಯ ಗಂಡಸರು ಹಬ್ಬದ ದಿನ ಒಂದೇ ಗವಸಿನ ತಲೆದಿಂಬುಗಳಂತೆ ಓಡಾಡುತ್ತಿದ್ದರು.

ಇದರಿಂದ ಎಲ್ಲರಿಗಿಂತ ಹೆಚ್ಚು ತೊಂದರೆ ಮಾದೇವ ಕಾಕಾನಿಗೆ. ಅವನ ಬಲಗಡೆಯ ಹೆಗಲು ಎತ್ತರ, ಎಡಗಡೆಯದು ಇಳಿಜಾರು, ಬೆನ್ನಿನ ಬಲಕ್ಕೆ ಗೂನು. ಹುಟ್ಟಿನಿಂದ ಬಂದದ್ದು. ಅಜ್ಜನ ಅಳತೆಯ ಅಂಗಿ ಅವನ ಮೈಮೇಲೆ ಹಿಂದೆ ಮೇಲಕ್ಕೇರಿ, ಮುಂದೆ ಜೋತುಬೀಳುತ್ತಿತ್ತು. ಕಾಲರ್ ಕುತ್ತಿಗೆಯನ್ನು ಬಿಟ್ಟು ದೂರ ನಿಲ್ಲುತ್ತಿತ್ತು. ಮಾತಾಡುವಾಗಲೆಲ್ಲ ಅವನು ಒಂದು ಕೈಯಿಂದ ಕಾಲರನ್ನು ಹಿಂದಕ್ಕೆ ಒತ್ತಿಕೊಳ್ಳುತ್ತಿದ್ದ. ಬನಿಯನ್ ಮೇಲೆ ಮಗ್ಗದ ಮುಂದೆ ನಿಂತಾಗ ಅವನು ಅವನಂತೆಯೇ ಇದ್ದ, ಗೂನು ನಮ್ಮ ಕಣ್ಣಿಗೆ ಬೀಳುತ್ತಲೇ ಇರಲಿಲ್ಲ. ಅಂಗಿ ತೊಟ್ಟ ಕೂಡಲೇ ಊರವರು ಕರೆಯುವ ಗೂನ್ಯಾ ಆಗಿಬಿಡುತ್ತಿದ್ದ. ಇದನ್ನು ನಾನು ಚಿಕ್ಕವಳಿದ್ದಾಗಲೇ ಕಂಡಿದ್ದೆ. ಯಾಕೆ ಹೀಗೆ ಎಂದು ಮಾತ್ರ ತಿಳಿದಿರಲಿಲ್ಲ.

ಸಣ್ಣ ಕಾಕಾನ ಮದುವೆಯೂ ಆಗಿ ಮಾದೇವ ಕಾಕಾ ಹಾಗೇ ಉಳಿದಿದ್ದ. ನೋಡಲು ಹೋದ ಎರಡು ಕಡೆ ಬೇಡವೆಂದಿದ್ದರು. ಆ ಬೇಸಿಗೆಯಲ್ಲಿ ಮುಧೋಳದ ಒಂದು ಮನೆಯಿಂದ ಬಂದು ನೋಡಿ ಹೋಗಿರೆಂದು ಹೇಳಿಕಳಿಸಿದರು. ಅಜ್ಜ ಈ ಸಲ ಬಿಡಬಾರದೆಂದು ನಿರ್ಧರಿಸಿದ. ಗೂನು ಕಾಣದಂತೆ ಒಂದು ಕೋಟು ಹಾಕಿಸಿ ಕರೆದೊಯ್ಯುವುದೆಂದು ಅವನ ಲೆಕ್ಕ. ರೆಡಿಮೇಡ್ ಕೋಟುಗಳು ಕಾಕಾನ ಬೆನ್ನಿನ ಮೇಲೆ ಕೂರದ್ದರಿಂದ ಜಮಖಂಡಿಯ ವಿಠ್ಠಲ ಮಾಸ್ತರರ ಹತ್ತಿರ ಹೋಗಬೇಕಾಯಿತು. ನನ್ನ ಶಾಲೆಯ ಸಮವಸ್ತ್ರದ ಬಟ್ಟೆಯನ್ನೂ ತರಬೇಕಿದ್ದರಿಂದ ನಾನೂ ಬಸ್ಸು ಹತ್ತಿದೆ.

ವಿಠ್ಠಲ ಮಾಸ್ತರರ ಅಂಗಡಿ ಪೇಟೆಯಲ್ಲಿ ಮಹಡಿಯ ಮೇಲೆ. ಸಂಸ್ಥಾನದ ಕಾಲದಲ್ಲಿ ಅವರ ತಂದೆ ಅರಮನೆಯವರಿಗೆ ಹೊಲಿಯುತ್ತಿದ್ದರಂತೆ. ಈಗ ವಕೀಲರು, ಕಬ್ಬಿನ ದೊಡ್ಡ ರೈತರು, ಮದುವೆಯ ವರಗಳು ಅಲ್ಲಿಗೆ ಬರುತ್ತಿದ್ದರು. ಇದ್ದಿಲಿನ ಇಸ್ತ್ರಿಯ ಬಿಸಿ, ಒದ್ದೆ ಉಣ್ಣೆಬಟ್ಟೆಯ ವಾಸನೆ, ಗೋಡೆಗೆ ಆಳೆತ್ತರದ ಕನ್ನಡಿ. ಕಾಕಾ ಒಳಗೆ ಕಾಲಿಟ್ಟವನೇ ಬಟ್ಟೆಯ ಕಪಾಟಿನ ಹತ್ತಿರ ಹೋಗಿ ಬೂದಿಬಣ್ಣದ ಒಂದು ಥಾನಿನ ಅಂಚನ್ನು ಹೆಬ್ಬೆರಳು ತೋರುಬೆರಳಿನ ನಡುವೆ ಹಿಡಿದು ನಿಂತ. ಬಹಳ ಹೊತ್ತು ಬಿಡಲಿಲ್ಲ. ಮೆದುವಾಗಿತ್ತೇನೋ. ಮಾಸ್ತರರು ಕನ್ನಡಕ ಸರಿಪಡಿಸಿಕೊಂಡು ಅವನ ಬೆನ್ನನ್ನು ನೋಡುತ್ತಿದ್ದರು.

"ಮಾಸ್ತರ, ಇವನ ಎಡಗಡಿ ಹೆಗಲಿಗೆ ಹತ್ತಿ ತುಂಬ್ರಿ. ಬೆನ್ನಿಗೂ ಏನರ ಹಾಕಿ ಸಮ ಮಾಡ್ರಿ. ನೋಡಾಕ ನೆಟ್ಟಗ ಕಂಡ್ರ ಸಾಕು," ಎಂದ ಅಜ್ಜ.

ಕಾಕಾ ಬಟ್ಟೆಯನ್ನು ಬಿಟ್ಟು ತಿರುಗಿದ.

"ಹತ್ತಿ ಬ್ಯಾಡ್ರಿ. ನನ್ನ ಮೈ ಹೆಂಗೈತಿ ಹಂಗ ಹೊಲೀರಿ."

ಅಜ್ಜ ಕೇಳಿಸದವನಂತೆ ಇದ್ದ. ಮಾಸ್ತರರಿಗೆ ಮಾತ್ರ ಸಿಟ್ಟು ಬಂತು.

"ಹಂಗ ಹೊಲದ್ರ ಮಂದಿ ನಿನಗ ಅನ್ನಂಗಿಲ್ಲೋ, ನನಗ ಅಂತಾರ. ಮಾಸ್ತರ ಸೊಟ್ಟ ಕತ್ತರಿಸ್ಯಾನ ಅಂತಾರ. ನನ್ನ ಕೋಟು ಊರಾಗ ನನ್ನ ಹೆಸರು ಹೊತ್ತು ತಿರಗತೈತಿ."

"ಹೆಸರು ನಿಮ್ದರಿ. ಮೈ ನಂದರಿ."

"ಉಳದವರಿಗೆ ಬಟ್ಟಿ ಮಡಚಿ ಒಂದ ಸಲಕ್ಕ ಎಡಾ ಬಲಾ ಎರಡೂ ಕತ್ತರಿಸ್ತೇನಿ. ನಿನಗ ಎಡಕ್ಕ ಬ್ಯಾರೆ, ಬಲಕ್ಕ ಬ್ಯಾರೆ. ಎರಡ ಕೋಟಿನ ಕೆಲಸ ಅದು. ಕೈಹೊಲಿಗಿ. ಅಗ್ಗ ಆಗಂಗಿಲ್ಲ."

ಅವರು ಹೇಳಿದ ಬೆಲೆ ಕೇಳಿ ಅಜ್ಜ ಎದ್ದು ಬಾಗಿಲಲ್ಲಿ ಚಪ್ಪಲಿ ಮೆಟ್ಟಿಕೊಂಡ. ಅಷ್ಟು ದುಡ್ಡಿನಲ್ಲಿ ನಮ್ಮ ಮನೆಯವರಿಗೆಲ್ಲ ಹಲವು ದೀಪಾವಳಿಗಳ ಬಟ್ಟೆ ಬರುತ್ತಿತ್ತು. ಕಾಕಾ ಸ್ಟೂಲಿನ ಮೇಲೆ ಕುಳಿತವನು ಏಳಲಿಲ್ಲ.

"ನಾ ನನ್ನ ದುಡ್ಡಿಲೆ ಹೊಲಸ್ತೇನಿ."

"ನಿನ್ನ ದುಡ್ಡು ಅಂದ್ರ ಯಾವದದು?" ಅಜ್ಜ ಬಾಗಿಲಿನಿಂದಲೇ ಕೇಳಿದ. ಅವನಿಗೆ ನಿಜವಾಗಿಯೂ ಅರ್ಥವಾಗಿರಲಿಲ್ಲ. ಮಕ್ಕಳ ದುಡ್ಡು ಎಂಬ ವಸ್ತುವೊಂದು ಇರಬಹುದೆಂದು ಅವನಿಗೆ ಹೊಳೆದೇ ಇರಲಿಲ್ಲ.

ಆ ಪ್ರಶ್ನೆಯಲ್ಲಿ ಮನೆ ಒಡೆಯಿತು. ಇದನ್ನು ಬಳಗದವರು ಗಮನವಿಟ್ಟು ಓದಲಿ ಎಂದು ಬಯಸುತ್ತೇನೆ.

ಮಾರನೆಯ ದಿನದಿಂದ ಕಾಕಾ ಮನೆಯ ಮಗ್ಗದ ಪಾಳಿ ಮುಗಿಸಿ, ಸಂಜೆ ಪಕ್ಕದ ಓಣಿಯ ಶೆಡ್ಡಿನಲ್ಲಿ ಕೂಲಿಗೆ ನೇಯಲು ಹೋಗತೊಡಗಿದ. ಸ್ವಂತ ಮಗ್ಗವಿದ್ದ ಮನೆಯ ಮಗ ಬೇರೆಯವರ ಶೆಡ್ಡಿನಲ್ಲಿ ಕೂಲಿಗೆ ನಿಂತದ್ದು ಅಜ್ಜನಿಗೆ ಕೋಟಿಗಿಂತ ದೊಡ್ಡ ಅವಮಾನ. ಶನಿವಾರ ಕೂಲಿ ಬಂದಾಗ ಕಾಕಾ ಅದನ್ನು ಅಜ್ಜನ ಕೈಯಲ್ಲಿ ಇಡಲಿಲ್ಲ. ಮಾರನೆಯ ದಿನ ಮಧ್ಯಾಹ್ನದ ಊಟಕ್ಕೆ ಗಂಡಸರು ಸಾಲಾಗಿ ಕುಳಿತಿದ್ದರು. ಜೋಳದ ರೊಟ್ಟಿ, ಜುಣಕ, ಹಸಿ ಉಳ್ಳಾಗಡ್ಡಿ. ಮಗ್ಗದ ಸದ್ದಿನ ಮೇಲೆ ಅಜ್ಜ ಕೂಗಿದ. ಅಷ್ಟರಲ್ಲಿ ಕರೆಂಟ್ ಹೋಗಿ ಅವನ ಮಾತು ಓಣಿಯ ಕೊನೆಯವರೆಗೂ ಹೋಯಿತು.

"ತನ್ನ ದುಡಿಮಿ ತಾ ಇಟಗೊಳ್ಳಾಂವ ಈ ಮನ್ಯಾಗ ಉಣ್ಣಬ್ಯಾಡ. ಇವನ ತಾಟು ತಗೀರಿ."

ಆಯಿ, ನನ್ನ ಅಜ್ಜಿ, ಸೆರಗಿನ ತುದಿಯನ್ನು ಬಾಯಿಗೆ ಒತ್ತಿಕೊಂಡು ನಿಂತಳು. ಅಪ್ಪ ತಲೆ ತಗ್ಗಿಸಿ ರೊಟ್ಟಿ ಮುರಿಯುತ್ತಿದ್ದ. ಅಪ್ಪ ಯಾವಾಗಲೂ ಹಾಗೆಯೇ. ಅಜ್ಜ ಮಾತಾಡುವಾಗ ಅವನಿಗೆ ರೊಟ್ಟಿ ಮುರಿಯುವ ಕೆಲಸವೇ ಬಹಳ. ಕಾಕಾ ತಾನೇ ತಾಟು ಎತ್ತಿಕೊಂಡು ಏಳುತ್ತಿದ್ದ. ಆಗ ಒಲೆಯ ಮುಂದಿದ್ದ ಅವ್ವ ಎದ್ದು ಬಂದಳು. ಹೆಂಚಿನಿಂದ ಆಗಷ್ಟೇ ತೆಗೆದ ರೊಟ್ಟಿಯನ್ನು ಕಾಕಾನ ತಾಟಿಗೆ ಹಾಕಿದಳು.

"ಮಾವಾರ, ರೊಟ್ಟಿ ಬಡಿಯಾಕಿ ನಾ. ಯಾರ ತಾಟಿಗೆ ಹಾಕಬೇಕು ಅನ್ನೂದು ನನಗ ಬಿಡ್ರಿ. ಇಲ್ಲಾ ನಾಳಿಂದ ನೀವ ಬಡೀರಿ."

ಅಜ್ಜನ ಎದುರು ಸೊಸೆಯೊಬ್ಬಳು ಹಾಗೆ ಮಾತಾಡಿದ್ದನ್ನು ನಾನು ಅಂದೇ ಮೊದಲು ಕೇಳಿದ್ದು. ಅಜ್ಜ ಊಟ ಬಿಟ್ಟು ಎದ್ದುಹೋದ. ಕಾಕಾ ಕುಳಿತು ಉಂಡ. ಅವ್ವ ಮತ್ತೆ ಒಲೆಯ ಮುಂದೆ ಕೂತು ಹಿಟ್ಟು ನಾದತೊಡಗಿದಳು. ನಾನು ಅವಳ ಹತ್ತಿರ ಹೋಗಿ ಕೂತೆ. "ಹಿಂದಕ್ಕ ಸರಿ, ಬೆಂಕಿ ಐತಿ," ಎಂದಳು.

ಮುಂಗಡ ಕೊಡುವಷ್ಟು ಕೂಡಿದ ಮೇಲೆ ಕಾಕಾ ಮತ್ತೆ ಜಮಖಂಡಿಗೆ ಹೋಗಿ ಅಳತೆ ಕೊಟ್ಟುಬಂದ. ಟ್ರಯಲ್‌ಗೆ ಹೋಗುವಾಗ ನನ್ನನ್ನು ಕರೆದೊಯ್ದ. ಕೋಟಿಗೆ ಇನ್ನೂ ತೋಳು ಇರಲಿಲ್ಲ. ಮೈತುಂಬ ಬಿಳಿದಾರದ ಉದ್ದುದ್ದ ಹೊಲಿಗೆ, ಮೇಲೆ ಸೀಮೆಸುಣ್ಣದ ಗೆರೆ. ಮಾಸ್ತರರು ಗೊಣಗುತ್ತಲೇ ಅದನ್ನು ಅವನಿಗೆ ತೊಡಿಸಿದರು. ನಿಲ್ಲು ಎಂದರು, ಕೂರು ಎಂದರು, ಕೈ ಎತ್ತು ಎಂದರು. ಬಾಯಲ್ಲಿ ಗುಂಡುಸೂಜಿ ಹಿಡಿದು ಅವನ ಸುತ್ತ ತಿರುಗಿದರು. ಗೂನಿನ ಹತ್ತಿರ ಬಂದಾಗ ಒಂದು ಹೊಲಿಗೆ ಬಿಚ್ಚಿ, ಬಟ್ಟೆಯನ್ನು ಅಂಗೈಯಿಂದ ಸವರಿ, ಮತ್ತೆ ಸೂಜಿ ಚುಚ್ಚಿದರು. ಅಜ್ಜ ಆ ಬೆನ್ನಿನ ಮೇಲೆ ಎಂದೂ ಕೈಯಿಟ್ಟವನಲ್ಲ. ಊರವರಂತೂ ಕಣ್ಣು ಮಾತ್ರ ಇಡುತ್ತಿದ್ದರು. ಕಾಕಾ ಕನ್ನಡಿಯಲ್ಲಿ ನೋಡಿಕೊಂಡ. ಬೆನ್ನು ಇದ್ದ ಹಾಗೆಯೇ ಇತ್ತು. ಆದರೆ ಕೋಟು ಅದರ ಮೇಲೆ ಎಲ್ಲೂ ಎಳೆಯದೆ, ಎಲ್ಲೂ ಜೋಲದೆ ಕೂತಿತ್ತು. ಅವನು ರೂಢಿಯಂತೆ ಕೈ ಎತ್ತಿ ಕಾಲರ್ ಒತ್ತಲು ಹೋದ. ಅಲ್ಲಿ ಒತ್ತುವಂಥದ್ದೇನೂ ಇರಲಿಲ್ಲ.

"ಪಾರಿ, ನೋಡಿಲ್ಲಿ. ಕಾಲರ ಕುತಿಗಿಗೆ ಅಂಟಿ ಕುಂತೈತಿ," ಎಂದ. ಅವನ ದನಿ ಅಷ್ಟು ಮೆಲ್ಲಗೆ ಬಂದದ್ದನ್ನು ನಾನು ಅದಕ್ಕೆ ಮೊದಲು ಕೇಳಿರಲಿಲ್ಲ.

ಮಾಸ್ತರರು ಬಾಯಿಂದ ಸೂಜಿ ತೆಗೆದರು. "ಒಳಗಿನ ಅಸ್ತರ ರೇಶಿಮಿದು ಹಾಕ್ತೇನಿ. ಅದಕ್ಕ ಬ್ಯಾರೆ ಕೊಡಬ್ಯಾಡ," ಎಂದರು. ಅವರ ಸಿಟ್ಟು ಇನ್ನೂ ಪೂರ್ತಿ ಹೋಗಿರಲಿಲ್ಲ, ಮುಖ ಗಂಟಿಕ್ಕಿಕೊಂಡೇ ಹೇಳಿದರು.

ಕೋಟು ಮನೆಗೆ ಬಂದ ಮೇಲೆ ನಡುಮನೆಯ ಗೂಟಕ್ಕೆ ನೇತುಬಿತ್ತು. ಒಂದು ಮಧ್ಯಾಹ್ನ, ಮನೆಯಲ್ಲಿ ಯಾರೂ ಇಲ್ಲವೆಂದುಕೊಂಡು ಅಪ್ಪ ಅದನ್ನು ತೊಟ್ಟುನೋಡಿದ. ನಾನು ಬಾಗಿಲ ಹತ್ತಿರ ಬೀಸುಕಲ್ಲಿನ ಮೇಲೆ ಕೂತಿದ್ದು ಅವನಿಗೆ ಕಂಡಿರಲಿಲ್ಲ. ಅಪ್ಪ ಎತ್ತರದವನು, ಭುಜ ಸಮ, ಬೆನ್ನು ನೆಟ್ಟಗೆ. ಆ ಕೋಟಿನಲ್ಲಿ ಅವನು ವಿಚಿತ್ರವಾಗಿ ಕಂಡ. ಒಂದು ಕಡೆ ಚೀಲದಂತೆ ಉಬ್ಬಿತ್ತು, ಇನ್ನೊಂದು ಕಡೆ ಹೆಗಲು ಎಳೆದುಕೊಂಡಿತ್ತು, ಕಾಲರ್ ಕುತ್ತಿಗೆ ಬಿಟ್ಟು ದೂರ ನಿಂತಿತ್ತು. ಅಪ್ಪ ಒಮ್ಮೆ ನಕ್ಕ. ಕಾಲರನ್ನು ಹಿಂದಕ್ಕೆ ಒತ್ತಿ ನೋಡಿದ, ಅದು ಮತ್ತೆ ಮುಂದಕ್ಕೆ ಬಂತು. ಇನ್ನೊಮ್ಮೆ ಒತ್ತಿದ. ಅಪ್ಪನ ನಗು ನಿಂತುಹೋಯಿತು. ಕನ್ನಡಿಯ ಮುಂದೆ ಹಾಗೇ ನಿಂತಿದ್ದು, ಆಮೇಲೆ ಕೋಟನ್ನು ಬಹಳ ಜೋಪಾನವಾಗಿ ಗೂಟಕ್ಕೆ ಹಾಕಿದ. ತಿರುಗಿದಾಗ ಅವನಿಗೆ ನಾನು ಕಂಡೆ.

"ಮಾದೇವ ಹುಟ್ಟಿದಾಗಿಂದ ಹಿಂಗ ಅಂಗಿ ಹಾಕ್ಕೊಂಡ ತಿರಗ್ಯಾನ ನೋಡ," ಎಂದ. ನನಗೆ ಹೇಳಿದನೋ ತನಗೆ ಹೇಳಿಕೊಂಡನೋ.

ಮುಧೋಳಕ್ಕೆ ಹೊರಟ ದಿನ ಸೆಖೆ ಸುಡುತ್ತಿತ್ತು. ಉಣ್ಣೆಯ ಕೋಟಿನಲ್ಲಿ ಕಾಕಾನ ಕುತ್ತಿಗೆಯಿಂದ ಬೆವರು ಇಳಿಯುತ್ತಿತ್ತು, ಆದರೂ ಅವನು ಗುಂಡಿ ಬಿಚ್ಚಲಿಲ್ಲ. ಅಜ್ಜ, ಅಪ್ಪ, ಅವ್ವ, ನಾನು ಜೊತೆಗಿದ್ದೆವು. ಅಜ್ಜ ಚೀಲದಲ್ಲಿ ಒಂದು ಶಾಲು ತಂದಿದ್ದ. ಆ ಮನೆಯ ಬಾಗಿಲಲ್ಲಿ ಅದನ್ನು ಕಾಕಾನ ಬೆನ್ನಿನ ಮೇಲೆ ಹೊದಿಸಲು ಬಂದ. ಕಾಕಾ ಅದನ್ನು ತೆಗೆದು, ಮಡಚಿ, ಮತ್ತೆ ಅಜ್ಜನ ಚೀಲಕ್ಕೇ ಇಟ್ಟ.

ಹುಡುಗಿಯ ತಂದೆ ತೀರಿಹೋಗಿದ್ದರು. ಸೋದರಮಾವ ಮಾತಾಡಿದರು. ಚೂಡಾ, ಬಾಳೆಹಣ್ಣು, ಚಹಾ ಬಂದವು. ಹುಡುಗಿಯೂ ಬಂದು ಹೋಗಿ ಅಡಿಗೆಮನೆಯ ಬಾಗಿಲಲ್ಲಿ ನಿಂತಳು. ಸೋದರಮಾವ ಕಾಕಾನನ್ನು ಮೇಲಿಂದ ಕೆಳಗೆ ನೋಡಿ, ಮಗ್ಗದ ಕೆಲಸ, ಮನೆ, ಎಲ್ಲ ವಿಚಾರಿಸಿ, ಕೊನೆಗೆ ಅಜ್ಜನ ಕಡೆ ತಿರುಗಿದರು.

"ಹುಡುಗ ದುಡಿಯಾಂವ ಅದಾನ. ನಮಗ ಒಪ್ಪಿಗಿ ಐತ್ರಿ. ಒಂದ ಮಾತು. ಮದಿವಿ ದಿನ ಈ ಕೋಟು ಬ್ಯಾಡ್ರಿ. ಎಲ್ಲಾ ಎದ್ದು ಕಾಣತೈತಿ. ಮ್ಯಾಲ ದಪ್ಪನ್ನ ಶಾಲು ಹೊದ್ದು, ಗ್ವಾಡಿಗೆ ಬೆನ್ನು ಹಚ್ಚಿ ಕುಂಡರ್ಲಿ. ನಮ್ಮ ಬ್ಯಾರೆ ಬೀಗರು ಬರ್ತಾರ."

"ಅದಕ್ಕೇನ್ರಿ, ಆಗಲಿ," ಎಂದ ಅಜ್ಜ ಒಂದೇ ಉಸಿರಿಗೆ.

ಕಾಕಾ ಅಡಿಗೆಮನೆಯ ಬಾಗಿಲಿನ ಕಡೆ ನೋಡಿ ಕೇಳಿದ. "ನಿಮಗೂ ಶಾಲು ಬೇಕೇನ್ರಿ?"

ಹುಡುಗಿ ತಲೆ ಎತ್ತಿ ಅವನನ್ನು ನೋಡಿದಳು. ಅದು ಕೆಟ್ಟ ನೋಟವಲ್ಲ. ಆಮೇಲೆ ಸೋದರಮಾವನ ಕಡೆ ನೋಡಿದಳು. "ಮಾಮಾ ಹೇಳಿದಂಗ," ಎಂದಳು. ಅವಳ ಮೇಲೆ ನನಗೆ ಯಾವತ್ತೂ ಸಿಟ್ಟು ಬಂದಿಲ್ಲ. ಅವಳ ಮನೆಯಲ್ಲೂ ಎಲ್ಲರಿಗೂ ಒಬ್ಬನದೇ ಅಳತೆ.

"ಹಂಗಾದ್ರ ನನ್ನ ಕಡಿಂದ ಆಗಂಗಿಲ್ರಿ," ಎಂದ ಕಾಕಾ.

"ಸುಮ್ಮನ ಕುಂಡ್ರ ನೀ," ಅಜ್ಜ ಗದರಿದ. "ಅಂವಗ ಏನ್ ತಿಳೀತೈತ್ರಿ, ನಾವು ಮದಿವಿ ದಿನಾ ಗೊತ್ತು ಮಾಡೂಣು."

ಆಗ ಚಹಾದ ಕಪ್ಪು-ಬಸಿ ಕೆಳಗಿಟ್ಟ ಸದ್ದಾಯಿತು. ಅಪ್ಪ ಎದ್ದು ನಿಂತಿದ್ದ.

"ಯಪ್ಪಾ, ಅಂವ ಆಗಂಗಿಲ್ಲ ಅಂದಾನ. ಮದಿವಿ ಅವಂದು. ಏಳ ಮಾದೇವ, ಬಸ್ಸಿನ ಹೊತ್ತಾತು."

ಹಿಂದಿರುಗುವಾಗ ಅಜ್ಜ ಬಸ್ಸಿನಲ್ಲಿ ಮುಂದಿನ ಸೀಟಿನಲ್ಲಿ ಒಬ್ಬನೇ ಕುಳಿತ, ಒಮ್ಮೆಯೂ ತಿರುಗಿ ನೋಡಲಿಲ್ಲ. ಮನೆಗೆ ಬಂದ ಮೇಲೂ ಇಬ್ಬರು ಮಕ್ಕಳ ಜೊತೆ ಮಾತು ಬಿಟ್ಟ. ಕೆಲವೇ ದಿನಗಳಲ್ಲಿ ಮಗ್ಗಗಳನ್ನು ಪಾಲು ಮಾಡಿ, ಆಯಿಯನ್ನು ಕರೆದುಕೊಂಡು ಸಣ್ಣ ಕಾಕಾನ ಸಂಸಾರದ ಜೊತೆ ರಬಕವಿಗೆ ಹೊರಟುಹೋದ. ಆಯಿ ಅಳುತ್ತ ಹೋದಳು, ಸಂತೆಯ ದಿನ ಬಂದು ನಮ್ಮಲ್ಲಿ ಉಂಡು ಹೋಗುತ್ತಿದ್ದಳು. ಅಜ್ಜ ಕೊನೆಯವರೆಗೂ ನಮ್ಮ ಮನೆಯ ಹೊಸ್ತಿಲು ತುಳಿಯಲಿಲ್ಲ. ಇದನ್ನೇ ಬಳಗದವರು ಕೋಟು ಮನೆ ಒಡೆಯಿತು ಎನ್ನುವುದು. ಆ ಮನೆಗೆ ಮಾದೇವನ ಕೈಗಳು ಬೇಕಿದ್ದವು, ಬೆನ್ನು ಬೇಕಿರಲಿಲ್ಲ. ಅವೆರಡೂ ಒಂದೇ ಮೈಯವು ಎಂದು ಅವನು ಹೇಳಿದ, ಅಷ್ಟೇ.

ಕಾಕಾ ಮದುವೆಯಾಗಲಿಲ್ಲ. ಅದರಿಂದ ಅವನಿಗೆ ನೋವಾಗಲಿಲ್ಲ ಎಂದು ಬರೆದರೆ ಸುಳ್ಳಾಗುತ್ತದೆ. ಓಣಿಯಲ್ಲಿ ಮದುವೆಯ ವಾಲಗ ಹೋದಾಗ ಅವನು ಹಿತ್ತಲಿಗೆ ಎದ್ದುಹೋಗಿ ಬೇವಿನ ಗಿಡದ ಕೆಳಗೆ ಕೂರುತ್ತಿದ್ದ. ಆದರೆ ರವಿವಾರ ಸಂಜೆ ಮಿಂದು, ಕೋಟು ತೊಟ್ಟು, ನನ್ನನ್ನು ಕರೆದುಕೊಂಡು ಪೇಟೆಗೆ ಹೊರಡುತ್ತಿದ್ದ. ಹೋಟೆಲಿನಲ್ಲಿ ರಸ್ತೆಗೆ ಮುಖಮಾಡಿ ಕೂತು ಮಿರ್ಚಿ ಭಜಿ ತಿನ್ನಿಸುತ್ತಿದ್ದ. ಮೊದಮೊದಲು ಹುಡುಗರು ಹಿಂದೆ ಬಂದು ನಕ್ಕರು. ಕಾಕಾ ನಿಂತು, ಅವರಿಗೆ ಚೆನ್ನಾಗಿ ಕಾಣುವಂತೆ ಬೆನ್ನು ತಿರುಗಿಸಿ, ಅವರು ಸಾಕಷ್ಟು ನೋಡಿದರೆನಿಸಿದ ಮೇಲೆ ಮುಂದೆ ನಡೆದ. ಕೆಲವು ವಾರಗಳಲ್ಲಿ ಅವರಿಗೇ ಬೇಸರ ಬಂತು. ನಾನು ತಲೆ ಎತ್ತಿ ನಡೆಯುವುದನ್ನು ಕಲಿತದ್ದು ಆ ರವಿವಾರಗಳಲ್ಲಿ.

ಈಗ ನನ್ನ ಸಹೋದ್ಯೋಗಿಗಳ ಮಕ್ಕಳು ಬೆಳಗಾವಿಗೆ, ಪುಣೆಗೆ ಹೋಗಿ ಮೋಟಾರ್‌ಸೈಕಲ್ಲಿನ ಬೆಲೆ ತೆತ್ತು ಸೂಟು ಹೊಲಿಸುತ್ತಾರೆ. ಒಳಜೇಬಿನ ಮೇಲೆ ಹೆಸರಿನ ಕಸೂತಿ ಹಾಕಿಸುತ್ತಾರೆ. ದುಂದು ಎಂದು ಬೈಯುವವರ ಜೊತೆ ನಾನು ಸೇರುವುದಿಲ್ಲ. ತೋರಿಕೆಗೆ ಹೊಲಿಸುವವರಿದ್ದಾರೆ, ಹೊಲಿಸಲಿ. ಆದರೆ ಒಬ್ಬ ಮನುಷ್ಯ ವಾರಗಟ್ಟಲೆ ಇನ್ನೊಬ್ಬನ ಮೈಯೊಂದನ್ನೇ ನೋಡಿ, ಅದು ಹೇಗಿದೆಯೋ ಹಾಗೆ ಒಪ್ಪಿ ಕತ್ತರಿ ಹಾಕುತ್ತಾನಲ್ಲ, ಅದಕ್ಕೆ ಎಷ್ಟು ಬೆಲೆ ಎಂದು ಯಾರದೋ ಅಳತೆಯ ಅಂಗಿಯೂ ತಾನಾಗಿಯೇ ಮೈಗೆ ಕೂರುವವರು ಹೇಳಲಾರರು.

ನಾನು ಬೀಳಗಿಯಲ್ಲಿ ಶಿಕ್ಷಕಿಯಾಗಿ ಬಹಳ ವರ್ಷಗಳಾದ ಮೇಲೆ, ಕಾಕಾನ ಬೆನ್ನು ಇನ್ನಷ್ಟು ಬಾಗಿ ಹಳೆಯ ಕೋಟು ಕೂರದಂತಾಯಿತು. ಹೊಸದು ಹೊಲಿಸುತ್ತೇನೆಂದಾಗ ನನ್ನ ಗಂಡ ಪತ್ರಿಕೆ ಕೆಳಗಿಟ್ಟರು.

"ಮುದುಕಗ ಈಗ್ಯಾಕ ಅಷ್ಟ ದುಬಾರಿ ಕೋಟು? ಯಾರು ನೋಡಬೇಕಾಗೇತಿ?"

"ಅಂವ ನೋಡ್ಕೋತಾನ," ಎಂದೆ. ಮೂರನೆಯ ದಿನ ಅವರೇ ಜಮಖಂಡಿಗೆ ಕಾಕಾನನ್ನು ಕರೆದೊಯ್ಯಲು ಗಾಡಿ ಹೊರಡಿಸಿದರು, ಮುಖ ಊದಿಸಿಕೊಂಡೇ.

ಆ ಕೋಟು ತೊಟ್ಟು ಕಾಕಾ ಸಣ್ಣ ಕಾಕಾನ ಮೊಮ್ಮಗನ ಮದುವೆಗೆ ಬಂದ. ಅಕ್ಷತೆಯಾದ ಮೇಲೆ ಬಳಗದವರನ್ನೆಲ್ಲ ವೇದಿಕೆಗೆ ಕರೆದರು. ಕಾಕಾ ಹೋಗಿ ವರನ ಬಲಕ್ಕೆ ನಿಂತ, ನಾನು ಅವನ ಪಕ್ಕಕ್ಕೆ. ಫೋಟೋ ತೆಗೆಯುವ ಹುಡುಗ ಕ್ಯಾಮೆರಾದಿಂದ ತಲೆ ಎತ್ತಿ, ಕೈಯಾಡಿಸಿದ.

"ಅಜ್ಜಾರ, ಹಿಂದಿನ ಸಾಲಿಗೆ ಹೋಗ್ತೀರೇನ್ರಿ? ಇಲ್ಲಾ ಸ್ವಲ್ಪ ಈ ಕಡಿ ತಿರುಗಿ ನಿಂದರ್ರಿ."

"ಯಾಕೋ ತಮ್ಮಾ?"

"ಫೋಟೋ ಛಲೋ ಬರತೈತ್ರಿ."

"ಹಂಗ ತಿರುಗಿದ್ರ ಬ್ಯಾರೆ ಯಾರೋ ಬರ್ತಾರ. ನಾ ಬರಬೇಕಂದ್ರ ಹಿಂಗ ತಗಿ."

ಹಿಂದಿನಿಂದ ಯಾರೋ ನಕ್ಕರು. ಸಣ್ಣ ಕಾಕಾನ ಮಗ ಬಂದು ನನ್ನ ಕಿವಿಯಲ್ಲಿ, "ಪಾರಕ್ಕಾ, ನೀನರ ಹೇಳ, ಊಟಕ್ಕ ಮಂದಿ ಕಾಯಾಕತ್ತಾರ," ಎಂದ. ಕಾಕಾ ಕೋಟಿನ ನಡುವಿನ ಗುಂಡಿ ಹಾಕಿಕೊಂಡು ಕ್ಯಾಮೆರಾವನ್ನೇ ನೋಡುತ್ತಿದ್ದ. ಸಭಾಂಗಣದಲ್ಲಿ ಪಂಕ್ತಿ ಹಾಕಿ ಎಲೆಯ ಮುಂದೆ ಕುಳಿತಿದ್ದವರೆಲ್ಲ ಕತ್ತೆತ್ತಿ ವೇದಿಕೆಯ ಕಡೆ ನೋಡುತ್ತಿದ್ದರು.

"ಕಾಯಲಿ," ಎಂದು ನಾನು ನಮ್ಮ ಮಗ್ಗದ ಮನೆಯ ದನಿಯಲ್ಲೇ ಹೇಳಿದೆ.